ಮೂಲೆ ಮನೆ ಯಾರದು

ಪ್ರೂಫ್ ರೀಡರ್ ಬಂದರೆಂದರೆ ಬೀದಿಯ ಅಂಗಡಿಯವರಿಗೆಲ್ಲ ದಿಗಿಲು. ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ಮಾಲೀಕನನ್ನು ಹೊರಗೆ ಕರೆದು, ತೋರಿಸಿ, ತಲೆ ತಗ್ಗಿಸುವಂತೆ ಮಾಡಿಯೇ ಮುಂದೆ ಹೋಗುವ ಆಸಾಮಿ. ಇಪ್ಪತ್ತು ವರ್ಷಕ್ಕೆ ಮನೆಸಾಲ ತೀರಿ, ಬ್ಯಾಂಕಿನವರು ಅಡವಿಟ್ಟುಕೊಂಡಿದ್ದ ಪತ್ರ ಹಿಂತಿರುಗಿಸಿದಾಗ ಮಾತ್ರ ಅದನ್ನು ಓದಲಿಲ್ಲ. ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಓದಿದ್ದು ನೋಂದಣಿ ಕಚೇರಿಯ ಗುಮಾಸ್ತೆ. ಮನೆಯನ್ನು ಒಬ್ಬಳೇ ಮಗಳಿಗೆ ದಾನಪತ್ರ ಮಾಡಿಕೊಡಲು ಹೋದ ದಿನ ಆಕೆ ನಕ್ಷೆಯ ಮೇಲೆ ಪೆನ್ನಿಟ್ಟು ಕೇಳಿದಳು, "ಸಾರ್, ನಿಮ್ಮದು ಮೂಲೆ ಮನೆನಾ?"

"ಅಲ್ಲಮ್ಮ, ಅದು ಪಕ್ಕದವರದು."

"ಪತ್ರದಲ್ಲಿ ಅದು ನಿಮ್ಮದು ಸಾರ್. ನೀವಿರೋದು ಅವರ ಮನೇಲಿ."

ಮನೆ ಕಟ್ಟಿ ಮಾರಿದವನು ಎರಡರ ನಂಬರನ್ನೂ ಅದಲುಬದಲು ಬರೆಸಿದ್ದ. ಪಕ್ಕದವರು ನಿವೃತ್ತ ಸರ್ವೇಯರ್. ಊರಿನ ಅರ್ಧ ಜಮೀನಿಗೆ ಸರಪಳಿ ಎಳೆದವರಿಗೆ ಸ್ವಂತ ಮನೆಯ ನಕ್ಷೆ ನೋಡಲು ಪುರುಸೊತ್ತಾಗಿರಲಿಲ್ಲ. ನಡುವಿನ ಗೋಡೆ ನಾಲ್ಕು ಬೆರಳು ಈಚೆ ಬಂದಿದೆಯೆಂದು ಜಗಳವಾಡಿ ಇಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷ. ಈಗ ನೋಡಿದರೆ ಒಬ್ಬೊಬ್ಬರೂ ಇನ್ನೊಬ್ಬರ ಜಾಗಕ್ಕಾಗಿ ಹೊಡೆದಾಡಿದ್ದರು.

ಇರುವ ಮನೆ ಇರುವವರ ಹೆಸರಿಗೇ ಆಗುವಂತೆ ವಿನಿಮಯ ಪತ್ರಕ್ಕೆ ಇಬ್ಬರೂ ಸಹಿ ಹಾಕಿದರೆ ಮುಗಿಯುವ ಕೆಲಸ. ಆದರೆ ಸರ್ವೇಯರ್ ಹೋದ ವರ್ಷವಷ್ಟೇ ಮಹಡಿ ಎಬ್ಬಿಸಿ ಅಮೃತಶಿಲೆ ಹಾಸಿದ್ದರು. ಅದು ನೆನಪಾಗಿ ಪ್ರೂಫ್ ರೀಡರ್ ಮುಖ ಅರಳಿತು. ಒಂಬತ್ತು ವರ್ಷದ ಮೇಲೆ ಗೋಡೆಯ ಬಳಿ ನಿಂತು ಸರ್ವೇಯರನ್ನು ಕೂಗಿದರು.

"ಪತ್ರ ಇದ್ದ ಹಾಗೇ ಇರಲಿ ಬಿಡಿ. ನಾವು ಆ ಕಡೆ ಬರ್ತೀವಿ, ನೀವು ಈ ಕಡೆ ಬನ್ನಿ."

"ಸುಣ್ಣ ಕಾಣದ ಆ ಗೂಡಿಗೆ ನಾನು ಬರಬೇಕಾ?"

"ಹಾಗಾದ್ರೆ ಗೋಡೆ ನಾಲ್ಕು ಬೆರಳು ಹಿಂದಕ್ಕೆ ಹಾಕಿಸಿ. ಆಮೇಲೆ ಸಹಿ."

"ಹಿಂದಕ್ಕೆ ಅಂದ್ರೆ ಯಾವ ಕಡೆಗೆ?"

ಅದು ಇಬ್ಬರಿಗೂ ಹೊಳೆಯಲಿಲ್ಲ. ಹೊಳೆಯದೆ ಎರಡು ತಿಂಗಳು ಕಳೆಯಿತು.

ಕೊನೆಗೆ ಪ್ರೂಫ್ ರೀಡರ್ ಹೆಂಡತಿ ಒಂದು ಬೆಳಿಗ್ಗೆ ಸೂಟ್‌ಕೇಸ್ ಹಿಡಿದು ಹೊರಟರು. "ಎಲ್ಲಿಗೇ?" ಎಂದರೆ, "ನಮ್ಮ ಮನೆಗೆ ರೀ. ಪತ್ರದಲ್ಲಿ ನನ್ನ ಅಡುಗೆಮನೆ ಅಲ್ಲಿದೆ," ಎಂದು ಗೇಟು ದಾಟಿಯೇಬಿಟ್ಟರು. ಸರ್ವೇಯರ್ ಹೆಂಡತಿ ನಗುತ್ತ ಬೀರುವಿನಲ್ಲಿ ಒಂದು ಖಾನೆ ಖಾಲಿ ಮಾಡಿಕೊಟ್ಟರು. ಗಂಡಂದಿರು ಮಾತು ಬಿಟ್ಟ ಒಂಬತ್ತು ವರ್ಷವೂ ಈ ಇಬ್ಬರು ಹಿತ್ತಿಲ ಕಿಟಕಿಯಲ್ಲಿ ದಿನಕ್ಕೆ ಗಂಟೆಗಟ್ಟಲೆ ಹರಟಿದ್ದರು.

ಪ್ರೂಫ್ ರೀಡರ್ ಮೂರು ದಿನ ಬ್ರೆಡ್ಡು ತಿಂದರು. ಆಚೆ ಮನೆಯಿಂದ ಒಗ್ಗರಣೆಯ ಘಮವೂ ನಗುವೂ ಬರುತ್ತಿದ್ದವು. ನಾಲ್ಕನೆಯ ದಿನ ಸರ್ವೇಯರೇ ಬಂದು ಬಾಗಿಲು ತಟ್ಟಿದರು. ಗಡ್ಡ ಬೋಳಿಸಿರಲಿಲ್ಲ.

"ನಡೀರಿ, ಸಹಿ ಹಾಕಿಬಿಡೋಣ. ನನ್ನ ಕುರ್ಚೀನ ಮಹಡಿ ಮೆಟ್ಟಿಲ ಕೆಳಗೆ ಹಾಕಿದ್ದಾರೆ. ಇಬ್ಬರೂ ಸೇರಿ ನನ್ನನ್ನ ಬಾಡಿಗೆಗಿದ್ದವನ ಥರ ನೋಡ್ತಾರೆ ಕಣ್ರೀ."

"ಊಟ?"

"ಅದೇನೋ ಹಾಕ್ತಾರೆ. ಕೇಳಿ ತಿನ್ನಬೇಕು."

ಅಂದೇ ಸಹಿಯಾಯಿತು, ಅದರ ಬೆನ್ನಿಗೇ ಮಗಳ ದಾನಪತ್ರವೂ ಆಯಿತು. ಕಚೇರಿಯ ಮೆಟ್ಟಿಲಿಳಿಯುವಾಗ ಪ್ರೂಫ್ ರೀಡರ್ ಪತ್ರವನ್ನು ಮಗಳ ಕೈಗಿಟ್ಟರು. "ಇನ್ನು ಮನೆ ನಿನ್ನದು ಕಣಮ್ಮ," ಎಂದರು.

ಮಗಳು ಅದರ ನಕ್ಷೆ ಬಿಡಿಸಿ ನೋಡಿದಳು.

"ಅಲ್ಲಪ್ಪ, ಹಳೇ ಪತ್ರದಲ್ಲೇ ನನಗೆ ದಾನ ಬರೆದುಬಿಟ್ಟಿದ್ರೆ ಮೂಲೆ ಮನೆ ನನಗೇ ಬರ್ತಿತ್ತಲ್ವಾ? ಇಷ್ಟೂ ಹೊಳೀಲಿಲ್ವಾ ನಿನಗೆ?"

ಹಿಂದೆಯೇ ಬರುತ್ತಿದ್ದ ಸರ್ವೇಯರ್ ಇದನ್ನು ಕೇಳಿ, ತಮ್ಮ ಪತ್ರವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬೀಳ್ಕೊಳ್ಳದೆ, ಬೀದಿಯ ಆಚೆ ಬದಿಗೆ ದಾಟಿದರು.