ಬೀರವ್ವನ ಕಣ್ಣಿನ ಒಳಗಿನ ಫೋಟೋ

ಸಿರಸಂಗಿಯ ಬೀರವ್ವ ಹೊಲಿದ ಕೌದಿಯಲ್ಲಿ ಮಲಗದ ಕೂಸು ಆ ಓಣಿಯಲ್ಲೇ ಇಲ್ಲ. ಎಂಟು ವರ್ಷದಿಂದ ಅವಳಿಗೆ ಸಕ್ಕರೆ ಕಾಯಿಲೆ. ಈಚೆಗೆ ಕಣ್ಣು ಮಂಜಾಗಿ, ಕಪ್ಪು ಚುಕ್ಕಿಗಳು ತೇಲುತ್ತಿದ್ದವು. ಗಂಡ ಶಟ್ಟೆಪ್ಪ ದಿನವೂ ಹೊಲಕ್ಕೆ ಹೋಗುವ ಮುನ್ನ ಹತ್ತು ಸೂಜಿಗೆ ದಾರ ಪೋಣಿಸಿಟ್ಟು ಹೋಗುತ್ತಿದ್ದ. ಪಾಪ, ಹೆಂಡತಿಯ ಮೇಲೆ ಅಷ್ಟು ಅಕ್ಕರೆ. ಆ ಅಕ್ಕರೆಯೇ ಅವಳ ಬೇನೆಯನ್ನು ಮುಚ್ಚಿಟ್ಟಿತು.

ಒಂದು ದಿನ ಮನೆಗೆ ಬಂದ ಆಶಾ ಕಾರ್ಯಕರ್ತೆ ಉಮಾಶ್ರೀ, ಕೌದಿಯ ಹೊಲಿಗೆ ಸೊಟ್ಟ ಓಡಿದ್ದು ಕಂಡು ಗಾಬರಿಯಾದಳು.

“ಕಾಕು, ಇದು ಬರೇ ವಯಸ್ಸಿಂದಲ್ರಿ. ಸಕ್ಕರಿ ಕಣ್ಣಿನ ಹಿಂದಿನ ಪರದಿಗೆ ಇಳದಿರಬೇಕು. ನಾಳೆ ಯರಗಟ್ಟಿಯೊಳಗ ಕಣ್ಣಿನ ಶಿಬಿರ ಐತಿ, ನಡೀರಿ.”

ಶಟ್ಟೆಪ್ಪ ಅಡ್ಡ ಬಂದ. “ಬ್ಯಾಡವಾ. ಲೇಸರ್ ಹೊಡೀತಾರಂತ, ಕಣ್ಣಿನ ಒಳಗ ಸುಡ್ತಾರಂತ. ಇದ್ದಷ್ಟೂ ಹೋದ್ರ ಇಕಿ ಗತಿ ಏನು?”

“ಸಿಕ್ಕಲ್ಲೆ ಹೊಡಿಯಂಗಿಲ್ಲ ಕಾಕಾ. ಮೊದಲ ಕಣ್ಣಿನ ಒಳಗಿನ ಫೋಟೋ ತಗೀತಾರ. ನೋವಿಲ್ಲ. ರಕ್ತದ ನರ ಎಲ್ಲಿ ಸೋರಾಕತ್ತೈತಿ ಅನ್ನೂದು ಅದರಾಗ ಕಾಣತೈತಿ. ಅದನ್ನ ನೋಡಿ ಡಾಕ್ಟರು ಬೇಕಾದಲ್ಲೆ ಅಷ್ಟ ಬೆಳಕು ಬಿಡ್ತಾರ.”

ನೋವಿಲ್ಲ ಎಂದು ಕೇಳಿ ಶಟ್ಟೆಪ್ಪ ಒಪ್ಪಿದ. ಮರುದಿನ ಶಿಬಿರದಲ್ಲಿ ಫೋಟೋ ನೋಡಿದವರು ಅವಳನ್ನು ಬೆಳಗಾವಿಯ ಕಣ್ಣಿನ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಪರದೆಯ ಒಂದೊಂದು ಪದರದ ಚಿತ್ರವನ್ನೂ ತೆಗೆದು, ಡಾಕ್ಟರಮ್ಮ ಶಟ್ಟೆಪ್ಪನನ್ನೇ ಕಂಪ್ಯೂಟರ್ ಮುಂದೆ ಕರೆದರು.

“ನೋಡ್ರಿ, ಈ ಕೆಂಪು ಚುಕ್ಕಿ ರಕ್ತ ಸೋರಿದ್ದು. ನಟ್ಟನಡುವ ಇರೂದು ನೋಟದ ಜಾಗ, ಅದನ್ನ ಮುಟ್ಟಂಗಿಲ್ಲ. ಸುತ್ತಲ ಲೇಸರ್ ಮಾಡ್ತೀವಿ. ಹೋದ ದೃಷ್ಟಿ ಬರತೈತಿ ಅಂತ ಹೇಳಾಕ ಆಗೂದಿಲ್ಲ, ಇದ್ದದ್ದನ್ನ ಉಳಸಾಕ ಇದು ಬೇಕು. ಆರು ತಿಂಗಳು ಮೊದಲ ಬಂದಿದ್ರ ಇನ್ನೂ ಛಲೋ ಇತ್ತು.”

ಶಟ್ಟೆಪ್ಪನಿಗೆ ಅಳು ತಡೆಯಲಾಗಲಿಲ್ಲ. “ತಪ್ಪು ನಂದ ರೀ,” ಎಂದ. ಬೀರವ್ವ ಅವನ ಕೈ ಹಿಡಿದು ಲೇಸರ್ ಕೋಣೆಯ ಬಾಗಿಲ ತನಕ ನಡೆದಳು.

ಹೊರಗೆ ಬಂದವಳೇ ಡಾಕ್ಟರಮ್ಮನಿಗೆ ಹೇಳಿದಳು, “ಚುರ್ ಅಂತು, ಅಷ್ಟರಿ. ಇವರಿಗೂ ನಾಕ ವರ್ಷದಿಂದ ಸಕ್ಕರಿ ಐತ್ರಿ. ಇವರದೂ ಫೋಟೋ ತಗೀರಿ.”

“ನನಗ ಎಲ್ಲಾ ಕಾಣತೈತಿ!” ಎಂದ ಶಟ್ಟೆಪ್ಪ.

“ನನಗೂ ಮೊದಲ ಎಲ್ಲಾ ಕಾಣ್ತಿತ್ತಲ್ರಿ. ಇಬ್ಬರಿಗೂ ಕಾಣಲಾರದಂಗ ಆದ್ರ ಯಾರ ಕೈ ಯಾರು ಹಿಡೀಬೇಕು?”

ಶಟ್ಟೆಪ್ಪ ಫೋಟೋ ತೆಗೆಯುವ ಯಂತ್ರದ ಮೇಲೆ ಗದ್ದ ಇಟ್ಟು ಕುಳಿತ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆ ಇದೆಯೇ? ಕಣ್ಣು ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ಪರದೆಯ ಫೋಟೋ ತೆಗೆಸಿ. ಸಕ್ಕರೆ, ಬಿಪಿ ಹತೋಟಿಯಲ್ಲಿಡಿ. ಮನೆಯವರ ಮೇಲೆ ನಿಮಗೆ ಪ್ರೀತಿ ಇರುವುದು ನಿಜವಾದರೆ, ಈ ವಾರವೇ ಅವರನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.