ಬೂಟು ನಮ್ಮವೇ ಅದಾವ್ರಿ

ತೊಗರಿ ರಾಶಿ ಮುಗಿದರೆ ಗುಂಡಗುರ್ತಿಯ ನಾವು ಹತ್ತು ಹನ್ನೆರಡು ಹೆಣ್ಣುಮಕ್ಕಳು ಕೊಡಗಿನ ಒಂದು ತೋಟಕ್ಕೆ ಕಾಫಿ ಹಣ್ಣು ಬಿಡಿಸಲು ಹೋಗುತ್ತೇವೆ. ಕರೆದೊಯ್ಯುವವನು ಚಿತ್ತಾಪುರದ ಮೇಸ್ತ್ರಿ ದತ್ತು. ಗಿಡದ ಮುಂದೆ ದಿನವಿಡೀ ನಿಲ್ಲುವ ತ್ರಾಣ ನನಗೀಗ ಇಲ್ಲ. ಕೂಲಿಯವರ ಲೈನ್‌ಮನೆಯಲ್ಲಿ ಕುಳಿತು ಎಲ್ಲರಿಗೂ ರೊಟ್ಟಿ ಬಡಿಯುತ್ತೇನೆ. ಹಣ್ಣು ಬಿಡಿಸುವವಳು ನನ್ನ ಸೊಸೆ ಅನಸುಬಾಯಿ.

ಹೋದ ವರ್ಷ ತೋಟದ ಗೇಟಿಗೆ ಹೊಸ ಬೋರ್ಡು ಬಂದಿತ್ತು. ಮಣ್ಣು, ಮರ, ನೀರು, ದುಡಿಯುವವರ ಮೈ ಇಷ್ಟನ್ನೂ ಕಾಯ್ದು ಬೆಳೆದರೆ ಹೆಚ್ಚು ಬೆಲೆ ಕೊಡುತ್ತೇವೆಂದು ಕಾಫಿಪುಡಿ ಮಾರುವ ದೊಡ್ಡ ಕಂಪನಿಯೊಂದು ಹೇಳಿತ್ತಂತೆ. ನೆರಳಿನ ಮರ ಕಡಿಯುವುದು ನಿಂತಿತು. ಕಳೆಗೆ ವಿಷ ಹೊಡೆಯುವುದೂ ನಿಂತಿತು. ಒಳ್ಳೆಯದೇ. ಆದರೆ ವಿಷದ ಬದಲು ಕಳೆಯನ್ನು ಕುಡುಗೋಲಿನಿಂದ ಕೊಯ್ದರು. ಕೊಯ್ದಲ್ಲೆಲ್ಲ ಮೊಳೆಯಂಥ ಕೂಳೆ ಉಳಿಯಿತು, ನಮ್ಮವರದು ಬರಿಗಾಲು. ಚಂದ್ರಕಲಾಳ ಮಗಳು ಲುಂಬಿನಿಯ ಪಾದಕ್ಕೆ ಒಂದು ಹೊಕ್ಕು ಕೀವಾಯಿತು. ಹಂಗಾಮು ಮುಗಿಯುವ ತನಕ ಅವಳು ನನ್ನ ಒಲೆಯ ಪಕ್ಕದಲ್ಲೇ ಕುಳಿತಳು. ಇವತ್ತಿಗೂ ಕುಂಟುತ್ತಾಳೆ.

ಕಂಪನಿಯವರು ನೋಡಲು ಬರುವ ದಿನ ಬೆಳಿಗ್ಗೆ ದತ್ತು ಚೀಲದಿಂದ ರಬ್ಬರ್ ಬೂಟು ಸುರಿದ.

"ಹಾಕ್ಕೊರಿ. ಯಾರವು ಅಂತ ಕೇಳಿದ್ರ 'ನಮ್ಮವೇ ಅದಾವ್ರಿ' ಅನ್ನಬೇಕು. ಅನ್ರಿ ನೋಡೋಣು."

"ನಮ್ಮವೇ ಅದಾವ್ರಿ," ಎಂದರು.

"ಹೊಟ್ಟಿಗಿ ಉಂಡಿಲ್ಲೇನು? ಇನ್ನೊಮ್ಮಿ, ಗಟ್ಟಿಗೆ!"

ಸಾಲಿ ಮಕ್ಕಳ ಹಾಗೆ ಒದರಿದರು. ಎಲ್ಲವೂ ಗಂಡಸರ ಅಳತೆಯ ಬೂಟು; ಹರಕು ಸೀರೆ ತುರುಕಿ ಹಾಕಿಕೊಂಡರು. ಕಂಪನಿಯ ಹುಡುಗಿ ಬಂದು ಕೇಳಿದಾಗ ಅನಸುಬಾಯಿ ಕಲಿಸಿದ್ದನ್ನೇ ಹೇಳಿದಳು.

ಸಂಜೆ ದತ್ತು ಖಾಲಿ ಚೀಲ ಹಿಡಿದು ಬಂದ. ಉಳಿದವರು ಬಿಚ್ಚಿ ಕೊಟ್ಟರು. ಅನಸುಬಾಯಿ ಕೊಡಲಿಲ್ಲ.

"ಮುಂಜಾನಿ ನೀನೇ ಕಲಿಸಿದಿ ಅಣ್ಣಾ, ನಮ್ಮವು ಅಂತ."

"ಅದು ಬರೇ ಹೇಳಾಕ, ಹುಚ್ಚಿ!"

"ಹೇಳೀನಲ್ಲ. ಇನ್ನ ನನ್ನ ಮಾತು ಸುಳ್ಳು ಮಾಡಬ್ಯಾಡ."

ಹಂಗಾಮು ಮುಗಿಸಿ ಮರಳುವಾಗ ಅದೇ ಬೂಟಿನಲ್ಲಿ ನಮ್ಮ ಕಡೆಯ ವಾಡಿ ಸ್ಟೇಷನ್ನಿನಲ್ಲಿ ಇಳಿದಳು. ಮಂದಿ ನಕ್ಕರು. ಊರಲ್ಲಿ ತೊಗರಿ ಕೊಯ್ದ ಹೊಲಕ್ಕೂ ಅದನ್ನೇ ಹಾಕಿಕೊಂಡು ಹೋದಳು. ಕ್ರಮೇಣ ನಕ್ಕವರೇ ಎಲ್ಲಿ ಸಿಗುತ್ತದೆಂದು ಕೇಳತೊಡಗಿದರು.

ಈ ವರ್ಷ ದತ್ತು ಮತ್ತೆ ಬಂದ.

"ಅನಸುಬಾಯಿ, ಆ ಬೂಟ ತಗೊಂಡು ಬಾ. ತ್ವಾಟದ ಸಾವ್ಕಾರ್ರು ಕೇಳಾಕತ್ತಾರ."

"ಕಾಲಾಗ ಹಾಕ್ಕೊಂಡೇ ಬರ್ತೀನಿ. ನೀ ಉಳದವ್ರಿಗಿ ಬೂಟ ತಗೊಂಡು ವಾಡಿಗಿ ಬಾ. ಹೆಣ್ಮಕ್ಕಳ ಅಳತಿ ಇರಬೇಕು. ಇಲ್ಲಂದ್ರ ಯಾರೂ ಗಾಡಿ ಹತ್ತಂಗಿಲ್ಲ."

ದತ್ತು ನನ್ನ ಕಡೆ ತಿರುಗಿದ. "ಯವ್ವಾ, ಬೂಟ ಹಾಕ್ಕೊಂಡು ನಿನ್ನ ಸೊಸಿ ಫೌಜ್ದಾರ ಆಗ್ಯಾಳ!"

"ಫೌಜ್ದಾರ ಹೇಳಿದ್ದು ಕೇಳಬೇಕಪಾ," ಎಂದೆ.

ಹೊರಡುವ ದಿನ ಅವನು ವಾಡಿ ಸ್ಟೇಷನ್ನಿಗೆ ಬರಿಗೈಯಲ್ಲಿ ಬಂದ. ಅಲ್ಲಿ ಹೋದ ಮೇಲೆ ಕೊಡ್ತಾರ ಎಂದ. ಗಾಡಿ ಬಂದು ನಿಂತಿತು. ನಮ್ಮವರು ಗಂಟುಗಳ ಮೇಲೆ ಕುಳಿತೇ ಇದ್ದರು. ಹೋಗದಿದ್ದರೆ ಮಳೆಗಾಲದ ತನಕ ಬೇರೆ ದುಡಿಮೆ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಚಂದ್ರಕಲಾ ಎದ್ದಳು. ಪಕ್ಕದಲ್ಲಿದ್ದ ಮಗಳ ಪಾದ ನೋಡಿದಳು. ಮತ್ತೆ ಕುಳಿತಳು. ಗಾಡಿ ಹೋಯಿತು.

ಬಸ್ಸು ಹತ್ತಿ ಊರಿಗೆ ಮರಳಿದೆವು. ಮರುದಿನದಿಂದ ಬೈಗುಳ ಶುರುವಾಯಿತು: "ನಿನ್ನ ಬೂಟಿನ ಸಲುವಾಗಿ ನಮ್ಮ ಒಲಿ ಆರ್ತದ." ಅನಸುಬಾಯಿ ತಿರುಗಿ ಬೈಯಲಿಲ್ಲ. "ಇನ್ನ ನಾಕ ದಿನ ತಡೀರಿ. ನಮ್ಮ ಸಲುವಾಗಿ ಹಣ್ಣು ಗಿಡದಾಗ ಕಾಯಂಗಿಲ್ಲ," ಅಂದಳು.

ಹಣ್ಣು ಕಾಯಲಿಲ್ಲ. ಗಿಡದಲ್ಲೇ ಒಣಗತೊಡಗಿತು, ಕಂಪನಿಯವರು ಮತ್ತೆ ನೋಡಲು ಬರುವ ದಿನವೂ ಹತ್ತಿರವಾಯಿತು. ವಾರ ಕಳೆಯುವುದರೊಳಗೆ ದತ್ತು ಬೆನ್ನ ಮೇಲೆ ಚೀಲ ಹೊತ್ತು ನಮ್ಮ ಕಟ್ಟೆಗೆ ಬಂದು ಸುರಿದ. ಹೆಣ್ಣುಮಕ್ಕಳ ಅಳತೆಯವೇ. ಅನಸುಬಾಯಿ ಮೊದಲ ಜೋಡಿಯನ್ನು ಲುಂಬಿನಿಗೆ ಕೊಟ್ಟಳು.

"ಅಣ್ಣಾ, ಇವು ಯಾರವು?"

ದತ್ತು ಬೆವರು ಒರೆಸಿಕೊಂಡ. "ನಿಮ್ಮವು."

"ಹೊಟ್ಟಿಗಿ ಉಂಡಿಲ್ಲೇನು? ಇನ್ನೊಮ್ಮಿ, ಗಟ್ಟಿಗೆ!"

"ನಿಮ್ಮವೇ ಅದಾವ್ರಿ!" ಎಂದು ದತ್ತು ಓಣಿಗೆಲ್ಲ ಕೇಳುವಂತೆ ಒದರಿದ.

ನಾನು ರೊಟ್ಟಿ ಹಂಚನ್ನು ಗಂಟಿಗೆ ಕಟ್ಟಿದೆ.