ಚೀಟಿಯಲ್ಲಿ ಬಂದ ಮನೆ

ದರ್ಜಿಯ ಮಗಳು ತೀರಿಕೊಂಡ ಸುದ್ದಿ ಬಂದಾಗ ನೀರಿನ ಸಮೀಕ್ಷೆಯಾಕೆ ಕಚೇರಿಯಲ್ಲಿ ಆ ಬೀದಿಯ ನಮೂನೆ ಹಾಳೆಗಳಿಗೆ ದಾರ ಕಟ್ಟುತ್ತಿದ್ದಳು.

"ವಾಂತಿಭೇದಿಯಂತೆ, ಪಾಪ. ಒಂಬತ್ತೇ ವರ್ಷ. ಬೆಳಿಗ್ಗೆ ಮಣ್ಣು ಮಾಡಿದ್ರು," ಎಂದ ಜವಾನ.

"ಯಾವ ಮನೆ?"

"ನಲವತ್ತೊಂದು. ಮೂರನೇ ಮಹಡಿ."

ಅವಳ ಕೈ ನಿಂತಿತು. ಬೀದಿಯ ನೂರಿಪ್ಪತ್ತು ಮನೆಗಳ ಸಂಖ್ಯೆ ಬರೆದ ಚೀಟಿಗಳನ್ನು ಡಬ್ಬಿಗೆ ಹಾಕಿ, ಕುಲುಕಿ, ಹನ್ನೆರಡನ್ನು ಎತ್ತಿದ್ದರು. ನಲವತ್ತೊಂದು ಅದರಲ್ಲಿತ್ತು. ಪರೀಕ್ಷೆಗೆ ಚೀಟಿಯಲ್ಲಿ ಬಂದ ಮನೆಯ ನೀರನ್ನೇ ತರಬೇಕು. ಬೀಗವಿದ್ದರೆ ಮೂರು ಸಲ ಹೋಗಬೇಕು. ಪಕ್ಕದ ಮನೆಯನ್ನು ಹಿಡಿಯಕೂಡದು. ಅವಳು ಒಂದೇ ಸಲ ಹತ್ತಿದ್ದಳು. ಬೀಗವಿತ್ತು. ಇಳಿದು ಬಂದಾಗ ಕೆಳಗಿನ ಮನೆಯ ಅಜ್ಜಿ ಕುರ್ಚಿ ಹಾಕಿ, "ಮಂಡಿ ಸವೆಸ್ಕೋಬೇಡ ಮಗಳೇ. ಮೇಲಿನೋರೇನು ಬಂಗಾರದ ನೀರು ಕುಡೀತಾರಾ?" ಎಂದಿದ್ದಳು. ಅಜ್ಜಿಯ ನೀರು ನೇರ ಕೊಳವೆಯದು. ಮೇಲಿನ ಏಳು ಮನೆಗಳದು ತಾರಸಿಯ ತೊಟ್ಟಿಯದು. ಅವಳು ಅಜ್ಜಿಯ ನೀರು ತುಂಬಿಕೊಂಡು, ಸೀಸೆಯ ಮೇಲೆ ನಲವತ್ತೊಂದು ಎಂದು ಬರೆದಳು.

ಮೇಲ್ವಿಚಾರಕ ಎಲ್ಲವನ್ನೂ ಕೇಳಿ ಬಾಗಿಲು ಮುಂದೆ ಮಾಡಿದ. "ನೀರು ಚೊಕ್ಕ ಅಂತ ವರದಿ ಹೋಗಿ ವಾರ ಆಯ್ತು. ಈಗ ಬಾಯಿಬಿಟ್ರೆ ನಿನ್ನ ಕೆಲ್ಸಾನೂ ಹೋಗುತ್ತೆ, ನಂದೂ ಹೋಗುತ್ತೆ. ಹೋದ ಮಗು ಬರುತ್ತಾ?"

"ಆ ತೊಟ್ಟಿ ನೀರನ್ನ ಇನ್ನೂ ಆರು ಮನೆಯೋರು ಕುಡೀತಿದಾರೆ ಸಾರ್."

ಅವಳು ನಮೂನೆಯ ಮೇಲೆ, "ಈ ನೀರು ನಲವತ್ತೊಂದನೇ ಮನೆಯದಲ್ಲ" ಎಂದು ಬರೆದು, ರುಜು ಹಾಕಿ, ಅವನ ಮುಂದಿಟ್ಟು ಹೊರಟಳು.

ಮೇಲಿನ ಆರೂ ಬಾಗಿಲು ತಟ್ಟಿ, ತೊಟ್ಟಿಯ ನೀರು ಮುಟ್ಟಬೇಡಿರೆಂದು ಹೇಳಿದಳು. ಏಳನೆಯದು ತೆರೆದೇ ಇತ್ತು. ದರ್ಜಿ ಗೋಡೆಗೊರಗಿ ಕುಳಿತಿದ್ದ. ಅವಳು ನಿಂತೇ, ಏನನ್ನೂ ಮುಚ್ಚದೆ ಹೇಳಿದಳು.

"ಯಾವಾಗ ಬಂದಿದ್ರಿ?"

"ಎರಡು ವಾರದ ಹಿಂದೆ, ಮಂಗಳವಾರ. ಹನ್ನೊಂದಕ್ಕೆ."

"ನಾನು ಅಂಗಡೀಲಿ, ಮಗು ಸ್ಕೂಲಲ್ಲಿ." ಅವನು ತಲೆಯೆತ್ತಿದ. "ಸಂಜೆ ಇದ್ವಲ್ಲಮ್ಮ. ಇನ್ನೊಂದ್ಸಲ ಹತ್ತಬಾರದಿತ್ತಾ?"

ಹೊಲಿಗೆಯಂತ್ರದ ಮೇಲೆ ಒಂದು ತೋಳು ಕೂಡಿಸದ ಪುಟ್ಟ ಅಂಗಿಯಿತ್ತು. ದರ್ಜಿ ಎದ್ದು ಅದನ್ನು ಮಡಿಸಿದ, ಮತ್ತೆ ಬಿಡಿಸಿದ. ಆಮೇಲೆ ಕೈಮುಗಿದ. ಹೊಸ್ತಿಲಾಚೆ ನಿಂತೇ ಅವಳೂ ಮುಗಿದಳು.

"ದೇವರೇ," ಎಂದ ಅವನು, "ಕೊನೇವರೆಗೂ ನೀರು ನೀರು ಅಂತಿದ್ಲು. ನಿನ್ನ ಹತ್ರ ಅವಳಿಗೆ ದಾಹ ಇಲ್ಲದಿರಲಿ. ತಣ್ಣಗೆ ಮಲಗಲಿ."